ಒಡಪಿನಲ್ಲಿ ಹೇಳದೆ ಉಳಿದ ಹೆಸರು

ಹೊಸದಾಗಿ ಹಾಡಲು ಹೊರಟವರು ನನ್ನ ಮನೆಗೆ ಬಂದರೆ ಕೇಳುವುದು ಒಂದೇ ಪ್ರಶ್ನೆ: "ಸರ್, ನೀವು ಹ್ಯಾಂಗ ಫೇಮಸ್ ಆದ್ರಿ?" ಹ್ಯಾಂಗ ಹಾಡಿದ್ರಿ ಅಂತ ಒಬ್ಬರೂ ಕೇಳುವುದಿಲ್ಲ. ಸಿಟ್ಟು ಬರುತ್ತದೆ. ಆದರೆ ಬಾಗಿಲಿಗೆ ಬರುವವರೇ ಅಪರೂಪವಾದ ಮೇಲೆ ಬಂದವರ ಮೇಲೆ ಸಿಟ್ಟು ಮಾಡಿ ಕೂರಲಾಗದು. ಕುರ್ಚಿ ಕೊಟ್ಟು ಮಾತಿಗೆ ಕೂರಿಸುತ್ತೇನೆ. ಅವರು ಫೋನನ್ನು ಮುಖದ ಮುಂದೆ ಹಿಡಿದು ಎರಡು ನಿಮಿಷದಲ್ಲಿ ಹೇಳಿಬಿಡಿ ಎನ್ನುತ್ತಾರೆ. ಅಷ್ಟರಲ್ಲಿ ನನಗೆ ಕೆಮ್ಮು ಕೂಡ ಮುಗಿಯುವುದಿಲ್ಲ. ಅದಕ್ಕೇ ಇದನ್ನು ಕೂತು ಬರೆಯುತ್ತಿದ್ದೇನೆ.

ನನ್ನ ಹೆಸರು ಬಸವರಾಜ. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಮೂವತ್ತು ವರ್ಷ ಪದಗಳಿಗೆ ಧಾಟಿ ಹಾಕಿದೆ, ಹಾಡಿದೆ. ಒಂದು ಕಾಲಕ್ಕೆ ಟಂಟಂ ಗಾಡಿಗಳಲ್ಲಿ, ಹೊಟೇಲುಗಳಲ್ಲಿ ನನ್ನ ಧ್ವನಿ ಇಲ್ಲದೆ ಬೆಳಗಾಗುತ್ತಿರಲಿಲ್ಲ. ಶಾಲು, ಫಲಕ, ಪ್ರಶಸ್ತಿ ಪತ್ರಗಳೆಲ್ಲ ಟ್ರಂಕಿನಲ್ಲಿವೆ. ಅವುಗಳ ಸುದ್ದಿ ಇಲ್ಲಿ ಬೇಡ. ಮೇಲಿನ ಸ್ವರಕ್ಕೆ ಗಂಟಲು ಏರದಾದಾಗ ನಾನೇ ನಿಲ್ಲಿಸಿದೆ. ಯಾರೂ ತಡೆಯಲಿಲ್ಲ.

ನನಗೆ ಕಲಿಸಿದವರು ನಾಟಕ ಕಂಪನಿಯಲ್ಲಿ ಪೇಟಿ ನುಡಿಸುತ್ತಿದ್ದ ಮಾಸ್ತರರು. ಪೇಟಿ ಅಂದರೆ ನಮ್ಮ ಕಡೆ ಹಾರ್ಮೋನಿಯಂ. ಮಾಸ್ತರರು ಹೊಡೆಯುತ್ತಿರಲಿಲ್ಲ, ಬೈಯುತ್ತಿದ್ದರು. ಹೊಡೆದಿದ್ದರೆ ವಾಸಿ ಇತ್ತು. ನಾನು ಮೊದಲ ಧಾಟಿ ಹಾಕಿಕೊಂಡು ಹೋದಾಗ ಪೂರ್ತಿ ಕೇಳಲೂ ಇಲ್ಲ.

"ಲೇ ಬಸ್ಯಾ, ಧಾಟಿ ನಿನ್ನ ಮೂಗಿನ್ಯಾಗ ಇಲ್ಲಲೇ, ಮಂದಿ ಮಾತಿನ್ಯಾಗ ಐತಿ. ಈ ಸಾಲು ಯಾರರ ಕಡೆ ಮೂರು ಸಲ ಹೇಳಿಸು. ಅವ್ರು ಎಲ್ಲಿ ಉಸುರು ತಗೋತಾರ, ಅಲ್ಲೇ ನಿನ್ನ ತಾಳ ಬೀಳಬೇಕು. ಇಲ್ಲಂದ್ರ ಅದು ಹಾಡಲ್ಲ, ಓಡಿ ಬಂದವನ ಏದುಸಿರು."

ನಾನು ಕೊನೆಯವರೆಗೂ ಪಾಲಿಸಿದ್ದು ಇದೊಂದೇ ಪಾಠ. ಮೊದಮೊದಲು ಗೊರೇಬಾಳದ ಗದ್ದೆಗಳಲ್ಲಿ ನೆಲ್ಲು ನಾಟಿ ಮಾಡುವ ಹೆಣ್ಣುಮಕ್ಕಳ ಕೈಲಿ ಸಾಲು ಹೇಳಿಸಿ, ಅವರ ನಗೆಗೆ ಗುರಿಯಾಗಿ ಬರುತ್ತಿದ್ದೆ. ಮದುವೆಯಾದ ಮೇಲೆ ಅಷ್ಟು ದೂರ ಹೋಗುವ ಕೆಲಸ ಉಳಿಯಲಿಲ್ಲ. ನನ್ನ ಹೆಂಡತಿ ನೀಲಮ್ಮ ಬೆಳಗ್ಗೆ ರೊಟ್ಟಿ ಬಡಿಯುವಾಗ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಒಂದು ಸಾಲು ಹೇಳುತ್ತಿದ್ದೆ. ಅವಳು ತಲೆ ಎತ್ತದೆ ಬಡಿಯುತ್ತಲೇ ತಿರುಗಿ ಹೇಳುತ್ತಿದ್ದಳು. ಅವಳ ಉಸಿರು ನಿಂತಲ್ಲಿ ಗೆರೆ ಹಾಕಿಕೊಳ್ಳುತ್ತಿದ್ದೆ. "ಇದು ಬಾಯಾಗ ಕೂಡೂದಿಲ್ರೀ" ಅಂದಳೆಂದರೆ ಆ ಸಾಲು ಹೋಯಿತು. ನಮ್ಮ ಪದಗಳಿಗೆ ಜನ ಕುಣಿದ ಲಯ ಇತ್ತಲ್ಲ, ಅದರಲ್ಲಿ ಅರ್ಧಕ್ಕರ್ಧ ಅವಳ ರೊಟ್ಟಿ ಬಡಿತ. ಇದನ್ನು ನಾನು ಯಾವ ವೇದಿಕೆಯಲ್ಲೂ ಹೇಳಿಲ್ಲ.

ಎಡವಟ್ಟುಗಳನ್ನೂ ಬರೆಯಬೇಕು, ಕಲಿಯುವವರಿಗೆ ಅವೇ ಉಪಯೋಗಕ್ಕೆ ಬರುವುದು. ಪೇಟಿ ಬಿಟ್ಟು ಕೀಬೋರ್ಡ್ ತಂದ ವರ್ಷ ಗೊರೇಬಾಳದ ಒಂದು ಮದುವೆಯಲ್ಲಿ ಹಾಡಲು ನಿಂತೆ. ಯಾರ ಬೆರಳು ತಾಗಿತ್ತೋ, ಶ್ರುತಿ ಏರಿಸುವ ಗುಂಡಿ ಒತ್ತಿಕೊಂಡುಬಿಟ್ಟಿತ್ತು. ನಾನು ಶುರುಮಾಡಿದ ಪಲ್ಲವಿ ನನಗೇ ಎಟುಕದಷ್ಟು ಮೇಲೆ ಹೋಗಿ ಕೂತಿತು. ನಿಲ್ಲಿಸಿ ಸರಿಮಾಡುವ ಬುದ್ಧಿ ಬರಬೇಕಲ್ಲ! ಮರ್ಯಾದೆ ಪ್ರಶ್ನೆ. ಕಣ್ಣು ಮೇಲೆ ಮಾಡಿ ಕಿರುಚಿದೆ. ಮದುಮಗಳ ಅಜ್ಜಿ ಎದ್ದು ಬಂದು, "ಯಪ್ಪಾ, ಏನರ ಕಚ್ಚೇತೇನು?" ಅಂತ ಕೇಳಿದಳು. ಇನ್ನೊಮ್ಮೆ ಚುನಾವಣೆಯಲ್ಲಿ ಎದುರಾಬದುರಾ ನಿಂತ ಇಬ್ಬರಿಗೂ ಒಂದೇ ಧಾಟಿಯಲ್ಲಿ ಹೆಸರು ಬದಲಿಸಿ ಪದ ಮಾಡಿಕೊಟ್ಟಿದ್ದೆ. ಮಸ್ಕಿಯ ಸರ್ಕಲ್ಲಿನಲ್ಲಿ ಇಬ್ಬರ ಪ್ರಚಾರದ ಆಟೋಗಳೂ ಒಟ್ಟಿಗೆ ನಿಂತವು. ಒಂದು ವಾರ ನಾನು ಆ ಕಡೆ ತಲೆ ಹಾಕಲಿಲ್ಲ.

ಇವೆಲ್ಲ ನಗುವ ಎಡವಟ್ಟುಗಳು. ನಗಲಾಗದ್ದು ಒಂದಿದೆ. ಅದನ್ನು ಹೇಳಲು ಸುಶೀಲಾಳ ವಿಷಯ ಹೇಳಬೇಕು.

ಸುಶೀಲಾ ಮುಕ್ಕುಂದದವಳು. ಗಂಡ ಬಿಟ್ಟು ಹೋಗಿದ್ದ, ತಾಯಿಯ ಜೊತೆ ಇದ್ದಳು. ಅವಳ ಕಂಠ ಎಂಥದೆಂದರೆ ನಮ್ಮ ಮಾಸ್ತರರು ಮೊದಲ ಸಲ ಕೇಳಿದಾಗ ಬೈಯುವುದನ್ನೇ ಮರೆತರು. ನನ್ನ ಜೊತೆ ಜೋಡಿ ಪದ ಹಾಡಲು ಬಂದಳು. ವೇದಿಕೆಯ ಕೆಳಗೆ ನಾನು ಅವಳಿಗೆ "ಅಣ್ಣಾ", ನೀಲಮ್ಮ "ವೈನಿ", ಅಂದರೆ ಅತ್ತಿಗೆ. ಕಾರ್ಯಕ್ರಮ ಮುಗಿಸಿ ಬಂದರೆ ನಮ್ಮ ಮನೆಯಲ್ಲೇ ಊಟ. ನೀಲಮ್ಮ ಅವಳ ತಲೆಗೆ ಎಣ್ಣೆ ಹಚ್ಚಿ ಕಳಿಸಿದ್ದನ್ನು ನಾನೇ ನೋಡಿದ್ದೇನೆ.

ಮಸ್ಕಿ ಕಡೆಯ ಒಂದು ಊರಿನಲ್ಲಿ ಕಾರ್ಯಕ್ರಮ. ನಡುವೆ ತಬಲಾದ ಚರ್ಮ ಹರಿಯಿತು. ಬೇರೆ ತಬಲಾ ತರುವವರೆಗೆ ಜನ ಸುಮ್ಮನಿರಬೇಕಲ್ಲ. ಮೈಕಿನ ಮುಂದೆ ಏನು ಮಾಡುವುದೆಂದು ನಾನು ತಡವರಿಸುತ್ತಿದ್ದಾಗ ಸುಶೀಲಾ ಸೆರಗು ತಲೆಗೆ ಎಳೆದುಕೊಂಡು ಒಡಪು ಹೇಳಿಬಿಟ್ಟಳು:

"ಕಾಲುವಿ ನೀರು ಬಂತು, ಮಡಿ ತುಂಬಾ ನೆಲ್ಲ,
ಬಸವರಾಜರು ಹಾಡಿದರ ಬ್ಯಾರೆ ಮಾತ ಇಲ್ಲ."

ಒಡಪು ನಮ್ಮಲ್ಲಿ ಆಟದ ಮಾತಲ್ಲ. ಗಂಡನ ಹೆಸರು ಹೆಂಡತಿ, ಹೆಂಡತಿಯ ಹೆಸರು ಗಂಡ ಸುಮ್ಮನೆ ಹೇಳುವ ರೂಢಿ ಇಲ್ಲ. ಮದುವೆಯಲ್ಲೋ ಬಸುರಿಗೆ ಮಾಡುವ ಕುಬಸದಲ್ಲೋ ನಾಲ್ಕು ಜನ ಬಾಗಿಲಿಗೆ ಅಡ್ಡ ನಿಂತು ಒತ್ತಾಯ ಮಾಡಿದರೆ ಪ್ರಾಸ ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳುವುದು. ಅಷ್ಟು ಜನರ ಮುಂದೆ ಒಡಪಿನಲ್ಲಿ ಹೆಸರು ಹೇಳಿದಳೆಂದರೆ ಮುಗಿಯಿತು, ಅವಳು ಹೆಂಡತಿ. ಜನ ಸೀಟಿ ಹೊಡೆದರು. ಗಂಡೂ ಹೇಳಬೇಕು ಅಂತ ಹಟ ಹಿಡಿದರು. ನಾನು ಅಲ್ಲೇ ಕಟ್ಟಿದೆ:

"ಗುಡ್ಡದ ಮ್ಯಾಲ ಗುಡಿ, ಗುಡಿಯಾಗ ಗಂಟಿ,
ಸುಶೀಲಾ ಬಂದಳಂದ್ರ ನಾ ಯಾಕ ಒಂಟಿ?"

ತಬಲಾ ಬಂದರೂ ಯಾರಿಗೂ ತಬಲಾ ಬೇಕಿರಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಊರಿನಲ್ಲೂ ಒಡಪು ಆಗಲೇಬೇಕು. ಕ್ಯಾಸೆಟ್ ತೆಗೆಯುವವನು ಹೊದಿಕೆಯ ಮೇಲೆ "ಗಾಯಕ ದಂಪತಿ" ಎಂದು ಅಚ್ಚು ಹಾಕಿಸಲು ಹೊರಟ. ಅಚ್ಚಿಗೆ ಹೋಗುವ ಮೊದಲು ನನಗೆ ತೋರಿಸಿದ. ನಾನು ನೋಡಿದೆ. "ಬಣ್ಣ ಸ್ವಲ್ಪ ತಿಳಿ ಮಾಡ್ರಿ" ಅಂದೆ, ಅಷ್ಟೇ.

ನನಗೂ ಒಂದು ನೆಪ ಇತ್ತು. ಒಬ್ಬಂಟಿ ಹೆಣ್ಣುಮಗಳು ವೇದಿಕೆ ಹತ್ತಿದರೆ ಕೆಳಗಿನವರ ಕಣ್ಣು ಹೇಗಿರುತ್ತದೆಂದು ಈ ಕಸುಬಿನವರಿಗೆ ಬಿಡಿಸಿ ಹೇಳಬೇಕಿಲ್ಲ. ನನ್ನ ಹೆಂಡತಿ ಎಂದು ತಿಳಿದ ಮೇಲೆ ಅವಳಿಗೆ ಇಜ್ಜತ್ ಸಿಕ್ಕಿತು. ಊರ ಗೌಡರ ಮನೆಯ ಹೆಂಗಸರು ಒಳಗೆ ಕರೆದು ಉಡಿ ತುಂಬುತ್ತಿದ್ದರು. "ಅಣ್ಣಾ, ಈ ಸುಳ್ಳಿನಿಂದ ನಾ ಬದುಕೀನಿ, ನೀ ಬಾಯಿ ಬಿಡಬ್ಯಾಡ" ಅಂತ ಅವಳೇ ಕೈಮುಗಿದಿದ್ದಳು. ಅದು ಖರೆ. ಜನಕ್ಕೆ ಆ ಜೋಡಿ ಇಷ್ಟವಾಗಿತ್ತು, ನನಗೂ ಜನದ ಪ್ರೀತಿ ಬಿಡಲಾಗಲಿಲ್ಲ. ಇದೂ ಖರೆ.

ನೀಲಮ್ಮ ನನ್ನ ಕಾರ್ಯಕ್ರಮಕ್ಕೆ ಬಂದದ್ದು ಒಂದೇ ಸಲ, ಲಿಂಗಸುಗೂರಿನಲ್ಲಿ. ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಮನೆಗೆ ಬಂದು ಸೀರೆ ಮಡಚುತ್ತ ಹೇಳಿದಳು:

"ನನ್ನ ಬಾಜೂಕ ಕುಂತಾಕಿ, ಎಂಥಾ ಛಂದ ಜೋಡಿ ನೋಡವ್ವ, ದೇವ್ರು ಕೂಡ್ಸ್ಯಾನ ಅಂದ್ಳು."

"ನೀ ಏನಂದಿ?"

"ಹೌದವ್ವ, ಅಂದ್ನಿ."

ಅದಾದ ಮೇಲೆ ಅವಳು ಬರಲಿಲ್ಲ. ಬಾ ಎಂದು ನಾನೂ ಕರೆಯಲಿಲ್ಲ. ಬೆಳಗ್ಗೆ ಹೊಸ್ತಿಲಲ್ಲಿ ಕೂತು ಸಾಲು ಹೇಳುವುದು ಮಾತ್ರ ನಡೆದೇ ಇತ್ತು.

ನಮ್ಮ ಒಬ್ಬಳೇ ಮಗಳನ್ನು ಲಿಂಗಸುಗೂರಿಗೆ ಕೊಟ್ಟಿದ್ದೇವೆ. ಅವಳ ಕುಬಸಕ್ಕೆ ಬೀಗರ ಮನೆಗೆ ಹೋದೆವು. ಆರತಿ ಮುಗಿದ ಮೇಲೆ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತರು. ಬೀಗತಿ ಕೈ ಚಾಚಿ, "ಊರಿಗೆಲ್ಲಾ ಒಡಪು ಹೇಳ್ತೀರಿ, ಇವತ್ತು ನಮ್ಮ ಬೀಗತಿ ಹೆಸರು ಹೇಳ್ದ ಹೊರತು ಬಿಡೂದಿಲ್ರೀ" ಅಂದರು. ನೀಲಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ಅಂಥ ಹಿಗ್ಗನ್ನು ಮದುವೆಯ ದಿನ ಬಿಟ್ಟರೆ ನಾನು ನೋಡಿರಲಿಲ್ಲ. ಮೊದಲು ಅವಳೇ ನನ್ನ ಹೆಸರು ಸೇರಿಸಿ ಚುಟುಕಾಗಿ ಒಂದು ಒಡಪು ಹೇಳಿದಳು. ಮುಂದೆ ನಾನು. ಗಂಟಲು ಸರಿಮಾಡಿಕೊಂಡು, ಕೈ ಎತ್ತಿ, ವೇದಿಕೆಯ ಠೀವಿಯಲ್ಲೇ ಶುರುಮಾಡಿದೆ:

"ಗುಡ್ಡದ ಮ್ಯಾಲ ಗುಡಿ, ಗುಡಿಯಾಗ ಗಂಟಿ, ಸುಶೀಲಾ..."

ಬಾಯಿ ಅಲ್ಲಿಗೇ ನಿಂತಿತು. ನಾಲಿಗೆಗೆ ಎಷ್ಟು ವರ್ಷದ ರೂಢಿ ನೋಡಿ. ಹೆಂಗಸರೆಲ್ಲ ಹೋ ಅಂತ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನೀಲಮ್ಮ. ನಗುತ್ತಲೇ "ಹೋಳಿಗಿ ತುಪ್ಪ ತರ್ತೀನಿ" ಅಂತ ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಮಗಳು ನನ್ನನ್ನು ನೋಡಿದ ನೋಟ ಇವತ್ತಿಗೂ ಚುಚ್ಚುತ್ತದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಂದೆ, "ತಪ್ಪಾತು ನೀಲಾ. ಹೊಸಾದು ಕಟ್ಟಿ ಹೇಳ್ತೀನಿ."

"ಬಿಡ್ರಿ, ನಾಲಿಗಿಗೆ ರೂಢಿ ಆಗೇತಿ" ಅಂದಳು. ಮಸ್ಕಿ ದಾಟುವವರೆಗೆ ಕಿಟಕಿಯ ಆಚೆ ನೋಡುತ್ತಿದ್ದಳು. ಆಮೇಲೆ ತಿರುಗಿ, "ಹೇಳೂದಾದ್ರ ಮಂದಿ ಮುಂದ ಹೇಳ್ರಿ. ನನ್ನ ಮುಂದ ಒಬ್ಬಾಕಿಗೇ ಹೇಳಬ್ಯಾಡ್ರಿ" ಅಂದಳು. ಅವಳು ನನ್ನನ್ನು ಬಾಯಿಬಿಟ್ಟು ಕೇಳಿದ್ದು ಜೀವಮಾನದಲ್ಲಿ ಅದೊಂದೇ.

ಒಡಪು ಕಟ್ಟಿದೆ. ಊರೂರಿಗೆ ಸಾವಿರ ಪದ ಕಟ್ಟಿಕೊಟ್ಟವನಿಗೆ ಇದಕ್ಕೆ ಎರಡು ತಿಂಗಳು ಹಿಡಿಯಿತು. ಆದರೆ ಎಲ್ಲಿ ಹೇಳುವುದು? ವೇದಿಕೆಯ ಮೇಲೆ ಸುಶೀಲಾ ಪಕ್ಕದಲ್ಲಿರುತ್ತಿದ್ದಳು. ಅವಳ ಮಾನ ಏನಾಗಬೇಕು? ಹಾಡುವುದು ಬಿಟ್ಟ ಮೇಲೆ ಹೇಳೋಣ ಅಂದುಕೊಂಡೆ. ಬಿಟ್ಟ ಮೇಲೆ ವೇದಿಕೆಗೆ ಕರೆಯುವವರೇ ಇಲ್ಲವಾದರು. ಕ್ಯಾಸೆಟ್ ಹೋಗಿ ಸಿಡಿ ಬಂದಿತ್ತು, ಸಿಡಿ ಹೋಗಿ ಮೆಮೊರಿ ಕಾರ್ಡು, ಈಗ ಫೋನಿನಲ್ಲೇ ಎಲ್ಲ. ಶ್ರುತಿ ತಪ್ಪಿದರೆ ಕಂಪ್ಯೂಟರೇ ಎತ್ತಿ ಕೂರಿಸುತ್ತದೆ. ನಮ್ಮ ಪದಗಳು ಈಗಲೂ ಓಡುತ್ತವೆ, ಹಾಡಿದವರು ಎಲ್ಲಿದ್ದಾರೆಂದು ಯಾರಿಗೂ ಬೇಕಿಲ್ಲ.

ಹಾಗೆ ಅಂದುಕೊಂಡಿದ್ದೆ. ಸುಶೀಲಾ ತೀರಿಕೊಂಡಳು. ಎದೆ ನೋವು ಅಂದಳಂತೆ, ಆಸ್ಪತ್ರೆ ಮುಟ್ಟಲಿಲ್ಲ. ನಾನೂ ನೀಲಮ್ಮನೂ ಮುಕ್ಕುಂದಕ್ಕೆ ಹೋಗಿ ಮಣ್ಣು ಮಾಡಿ ಬಂದೆವು. ನೀಲಮ್ಮ ತಂಗಿ ಹೋದ ಹಾಗೆ ಅತ್ತಳು. ಮರುದಿನ ನೋಡಿದರೆ ಯಾರೋ ನನ್ನ, ಸುಶೀಲಾಳ ಹಳೆಯ ಫೋಟೋಗೆ ಹೂವಿನ ಚೌಕಟ್ಟು ಹಾಕಿ, "ಜನಪ್ರಿಯ ಗಾಯಕರ ಧರ್ಮಪತ್ನಿ ಇನ್ನಿಲ್ಲ" ಎಂದು ಬರೆದು ಫೋನಿನಿಂದ ಫೋನಿಗೆ ಹಂಚಿದ್ದಾರೆ. ಆಮೇಲೆ ಜನ ಬಂದರು ನೋಡಿ! ಸಿಂಧನೂರಿನ ನನ್ನ ಎರಡು ಕೋಣೆಯ ಮನೆಗೆ ಮೂರು ದಿನ ಜನ. ಮುಕ್ಕುಂದಕ್ಕೆ ಅಲ್ಲ, ನನ್ನ ಮನೆಗೆ.

ಪಾಮನಕಲ್ಲೂರಿನ ಅಮರೇಗೌಡ ತಾಯಿಯನ್ನು ಕರೆದುಕೊಂಡು ಬಂದ. ತಮ್ಮ ಊರಿನಲ್ಲಿ ವರ್ಷವೂ ತಪ್ಪದೆ ನಮ್ಮ ಹಾಡು ಇಡಿಸುತ್ತಿದ್ದವನು ಅವನು. ನನ್ನ ಎರಡೂ ಕೈ ಹಿಡಿದುಕೊಂಡು ಸಣ್ಣ ಕೂಸಿನಂತೆ ಅತ್ತ. "ಸರ್, ಜೋಡಿ ಮುರೀತ್ರೀ, ನೀವೊಬ್ರ ಹ್ಯಾಂಗ ಇರ್ತೀರಿ?" ಅಂದ. ಅಷ್ಟರಲ್ಲಿ ನೀಲಮ್ಮ ಚಾ ತಂದಳು. ಯಾರೂ ಕಪ್ಪು ಮುಟ್ಟಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ.

"ಕುಡೀರಿ, ಈ ಮನ್ಯಾಗ ಯಾರೂ ಸತ್ತಿಲ್ಲ" ಅಂದಳು ನೀಲಮ್ಮ.

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಮರೇಗೌಡನ ತಾಯಿ ಮೆಲ್ಲಗೆ ಕೇಳಿದರು: "ನೀ ಇವ್ರಿಗೆ ಏನಾಗ್ಬೇಕವ್ವಾ?"

ನೀಲಮ್ಮ ನನ್ನ ಕಡೆ ನೋಡಿದಳು. ನಾನೂ ನೋಡಿದೆ. ಕೈ ಹಿಡಿದು ಅಳುವವನಿಗೆ, ಅಪ್ಪಾ, ನೀನು ಅಳುತ್ತಿರುವುದು ಸುಳ್ಳಿಗೆ ಅಂತ ಹೇಗೆ ಹೇಳಲಿ? ಸುಶೀಲಾಳ ಚಿತೆಯ ಬಿಸಿ ಆರಿಲ್ಲ ಅನ್ನಲೂ ಬರುವುದಿಲ್ಲ, ನಮ್ಮಲ್ಲಿ ಹೂಳುವುದು. ಮಣ್ಣಿನ ಹಸಿ ಆರಿರಲಿಲ್ಲ. ಏನೇನೋ ಲೆಕ್ಕ ಹಾಕುತ್ತ ತಲೆ ತಗ್ಗಿಸಿದೆ.

"ಅಡಗಿ ಮಾಡಾಕ ಇದ್ದೀನವ್ವಾ" ಅಂದಳು ನೀಲಮ್ಮ. ಕಪ್ಪುಗಳನ್ನು ಹಾಗೇ ಬಿಟ್ಟು ಒಳಗೆ ಹೋದಳು.

ಎಲ್ಲರೂ ಹೋದ ಮೇಲೆ ಕೇಳಿದೆ, "ಯಾಕ ಹಂಗಂದಿ?"

"ನೀವು ಹೇಳ್ತೀರೇನೋ ಅಂತ ನೋಡಿದ್ನಿ" ಅಂದಳು. ಮತ್ತೆ ಆ ಮಾತು ಎತ್ತಲಿಲ್ಲ.

ಆಮೇಲೆ ಅವಳಿಗೆ ಮೂತ್ರಪಿಂಡದ ಕಾಯಿಲೆ. ರಾಯಚೂರಿನ ಆಸ್ಪತ್ರೆಯಲ್ಲಿ ಹನ್ನೆರಡು ಮಂಚದ ವಾರ್ಡು. ಒಂದು ಮಧ್ಯಾಹ್ನ ಅವಳು ಹುಷಾರಾಗಿದ್ದಳು, ದಿಂಬಿಗೆ ಒರಗಿ ಕೂತಿದ್ದಳು. ನಾನು ಕಿವಿಯ ಹತ್ತಿರ ಬಗ್ಗಿ ಹೇಳಿದೆ:

"ಜ್ವಾಳದ ರೊಟ್ಟಿ ಬಡದು ಕೈಯೆಲ್ಲಾ ನೊಂದ್ರೂ,
ನೀಲಮ್ಮ ಕಾಯ್ತಾಳ ನಾ ಎಷ್ಟೊತ್ತಿಗೆ ಬಂದ್ರೂ."

ಅವಳು ಕಣ್ಣು ಮುಚ್ಚಿ ಕೇಳಿದಳು. ಅವಳ ತುಟಿ ಆ ಸಾಲನ್ನು ತಿರುಗಿ ಹೇಳಿದಂತೆ ಕಂಡಿತು, ಹಿಂದೆ ರೊಟ್ಟಿ ಬಡಿಯುವಾಗ ಹೇಳುತ್ತಿದ್ದ ಹಾಗೆ. ಆಮೇಲೆ ಕಣ್ಣು ತೆರೆದು ವಾರ್ಡಿನ ಕಡೆ ಕೈ ತೋರಿಸಿದಳು.

"ಛಂದ ಐತಿ. ಇವ್ರಿಗೂ ಕೇಳೂ ಹಂಗ ಹೇಳ್ರಿ."

ತಲೆ ಎತ್ತಿ ನೋಡಿದೆ. ಹತ್ತು ಹದಿನೈದು ಜನ. ಒಬ್ಬ ಬಾಳೆಹಣ್ಣು ಸುಲಿಯುತ್ತಿದ್ದ, ಒಬ್ಬ ಫೋನ್ ನೋಡುತ್ತಿದ್ದ. ಸಾವಿರಾರು ಜನರ ಮುಂದೆ ಇಲ್ಲದ ಹೆಂಡತಿಯ ಹೆಸರನ್ನು ಕೈ ಎತ್ತಿ ಕೂಗಿದವನು ನಾನು. ಅಲ್ಲಿ ನಾಚಿಕೆ ಬಂತು. ಥೂ ನನ್ನ! ಸುಳ್ಳು ಹೇಳುವಾಗ ಬಾರದ ನಾಚಿಕೆ ಖರೆ ಹೇಳುವಾಗ ಬಂತು.

"ಮನಿಗೆ ಹೋಗೂಣು. ಮಗಳು, ಬೀಗರು ಎಲ್ಲಾರ್ನೂ ಕರ್ಸಿ ಹೇಳ್ತೀನಿ" ಅಂದೆ.

"ಆತು" ಅಂದಳು. ಐದನೆಯ ದಿನಕ್ಕೆ ಹೋದಳು. ಮನೆಗೆ ಬರಲಿಲ್ಲ.

ಹಾಡಲು ಬರುವ ನೀವು ಶ್ರುತಿ, ತಾಳ ಯಾರ ಹತ್ತಿರವಾದರೂ ಕಲಿಯಬಹುದು, ಯಂತ್ರವೇ ಕಲಿಸುತ್ತದೆ. ನಿಮ್ಮ ಹಾಡಿನ ಹಿಂದೆ ಯಾರ ಉಸಿರಿದೆಯೋ ಅವರ ಹೆಸರನ್ನು ಮೊದಲ ಕಾರ್ಯಕ್ರಮದಲ್ಲೇ ಮೈಕಿನಲ್ಲಿ ಹೇಳಿಬಿಡಿ. ಆಮೇಲೆ ಹೇಳೋಣ ಅಂದುಕೊಂಡರೆ ನಾಲಿಗೆ ತಿರುಗುವುದಿಲ್ಲ. ನನಗೆ ಈಗ ಒಂದು ಸಾಲಿಗೂ ಧಾಟಿ ಹೊಳೆಯುವುದಿಲ್ಲ. ಬೆಳಗ್ಗೆ ಹೊಸ್ತಿಲಲ್ಲಿ ಕೂರುತ್ತೇನೆ, ಕೂತು ಏಳುತ್ತೇನೆ.

ನೀಲಮ್ಮನ ಮಣ್ಣಿಗೆ ಬಂದವರು ಓಣಿಯವರು, ಬೀಗರು, ಅಷ್ಟೇ. ಮೂರನೆಯ ದಿನ ಮನೆಯಲ್ಲಿ ಒಬ್ಬನೇ ಇರಲಾಗದೆ ಅಮರೇಗೌಡನಿಗೆ ಫೋನ್ ಮಾಡಿದೆ.

"ಗೌಡ್ರ, ನಮ್ಮ ಮನಿಯವ್ರು ತೀರ್ಕೊಂಡ್ರು."

ಅವನು ಮಗುವಿಗೆ ಹೇಳುವ ಹಾಗೆ ಮೆತ್ತಗೆ ಅಂದ: "ಸರ್, ಅವ್ರು ತೀರ್ಕೊಂಡು ಭಾಳ ದಿನ ಆತಲ್ರೀ. ನಾವೇ ಬಂದು ಮಾತಾಡ್ಸಿ ಹೋಗೀವಿ. ನಿಮಗ ಆರಾಮ ಐತಿಲ್ರೀ? ನಿಮ್ಮ ಜೋಡಿ ಮನ್ಯಾಗ ಯಾರರ ಅದಾರೇನ್ರೀ?"

"ಅದು ಸುಶೀಲಾ. ಆಕಿ ನನಗ ತಂಗಿ ಇದ್ದಂಗ. ಈಗ ಹೋದಾಕಿ ನೀಲಮ್ಮ."

"ಯಾವ ನೀಲಮ್ಮರೀ?"

ಅವನೇ ನೆನಪು ಮಾಡಿಕೊಂಡು ಕೇಳಿದ: "ಅವತ್ತು ಚಾ ಕೊಟ್ರಲ್ರೀ, ಅಡಗಿ ಮಾಡೂ ಅಮ್ಮಾರು, ಅವ್ರೇನ್ರೀ?"

"ಹೌದು" ಅಂದೆ. "ಅವಳೇ ನನ್ನ ಹೆಂಡತಿ."

ಹಾಡು ಕೇಳಿದ ಮಂದಿಯಲ್ಲಿ ಒಬ್ಬನಿಗಾದರೂ ನಾನು ಈ ಮಾತು ಹೇಳಿದ್ದು ಅದೇ ಮೊದಲು.